ಹೇಳಿಯೂ ಹೇಳದ ಮಾತು

ಚಿಂತಾಮಣಿ ತಾಲ್ಲೂಕಿನ ಕೈವಾರದಿಂದ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯವರೆಗೆ, ಅಲ್ಲಿಂದಾಚೆ ಆಂಧ್ರದ ಗಡಿಯವರೆಗೆ ‘ತಾತಯ್ಯ’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಸೀಮೆಯಲ್ಲಿ ಕೈವಾರದ ಯೋಗಿ ನಾರೇಯಣರು ಎಲ್ಲರಿಗೂ ತಾತಯ್ಯನವರೇ. ಮಳೆ ಕೈಕೊಟ್ಟರೆ, ಕಾಲ ಕೆಟ್ಟಿತೆನಿಸಿದರೆ, ಹಿಂದೆಂದೂ ಕೇಳದ ಸುದ್ದಿ ಕಿವಿಗೆ ಬಿದ್ದರೆ, ‘ಇದನ್ನು ತಾತಯ್ಯನವರು ಕಾಲಜ್ಞಾನದಲ್ಲಿ ಅಂದೇ ಹೇಳಿದ್ದಾರೆ’ ಎನ್ನುವ ಹಿರಿಯರು ಇಲ್ಲಿ ಸಿಗುತ್ತಾರೆ. ಎಲ್ಲಿ ಹೇಳಿದ್ದಾರೆ, ಅದರ ಅರ್ಥವೇನು ಎಂದು ಮುಂದೆ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ವಿವರಣೆ.

ಜನರಿಗಾಗಿಯೇ ಹಾಡಿದವರು ಜನರಿಗೆ ನೇರವಾಗಿ ತಿಳಿಯದಂತೆ ಏಕೆ ಹಾಡಿದರು? ಇದು ಕೈವಾರಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನ, ಕನಕದಾಸರ ಮುಂಡಿಗೆ, ಶಿಶುನಾಳ ಷರೀಫರ ತತ್ವಪದ ಎಲ್ಲವೂ ಇದೇ ಪ್ರಶ್ನೆಯನ್ನು ಎಬ್ಬಿಸುತ್ತವೆ. ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಕರೂ ಇದನ್ನು ಎದುರಿಸಿದ್ದರು.

ಪರದೆಯ ಹಿಂದಿನ ಗುರು

ಶಾಲೆಯ ರೇಖಾಗಣಿತದ ಪುಸ್ತಕದಿಂದ ಎಲ್ಲರಿಗೂ ಪರಿಚಿತನಾದ ಪೈಥಾಗೊರಸ್ ತನ್ನ ಕಾಲದಲ್ಲಿ ಗಣಿತದ ಮೇಷ್ಟ್ರಾಗಿರಲಿಲ್ಲ, ಒಂದು ಪಂಥದ ಗುರುವಾಗಿದ್ದ. ಸಾಮೋಸ್ ದ್ವೀಪದಲ್ಲಿ ಹುಟ್ಟಿದ ಆತ ಕ್ರಿ.ಪೂ. 530ರ ಸುಮಾರಿಗೆ ಇಟಲಿಯ ದಕ್ಷಿಣ ತೀರದ ಕ್ರೊಟೋನ್ ಪಟ್ಟಣಕ್ಕೆ ಬಂದು ನೆಲೆಸಿದ. ಆತ ಬರೆದ ಪುಸ್ತಕ ಒಂದೂ ಉಳಿದಿಲ್ಲ. ಅವನ ಪಂಥಕ್ಕೆ ಸೇರಬಯಸಿದವರು ಐದು ವರ್ಷ ಮೌನವಾಗಿರಬೇಕಿತ್ತು, ಅಲ್ಲಿಯವರೆಗೆ ಗುರುವಿನ ಮುಖ ನೋಡದೆ ಪರದೆಯ ಈಚೆ ಕುಳಿತು ಪಾಠ ಕೇಳಬೇಕಿತ್ತು ಎಂದು ನಂತರದ ಗ್ರೀಕ್ ಲೇಖಕರು ಬರೆದಿದ್ದಾರೆ.

ಆ ಶಿಷ್ಯರು ಕಂಠಪಾಠ ಮಾಡುತ್ತಿದ್ದ ಪುಟ್ಟ ಪುಟ್ಟ ಸೂತ್ರಗಳಲ್ಲಿ ಕೆಲವು ನಮ್ಮವರೆಗೂ ಬಂದಿವೆ. ಬೆಂಕಿಯನ್ನು ಚಾಕುವಿನಿಂದ ಕೆದಕಬಾರದು, ತಕ್ಕಡಿಯನ್ನು ದಾಟಬಾರದು, ಅವರೆಯಂಥ ಕಾಳು ತಿನ್ನಬಾರದು ಎಂಬ ಬಗೆಯವು ಅವು. ಹೊರಗಿನವರಿಗೆ ಇವು ಅಜ್ಜಿಯ ಶಾಸ್ತ್ರದಂತೆ ಕೇಳಿಸಿದವು. ಕೋಪಗೊಂಡವನನ್ನು ಮತ್ತೆ ಮಾತಿನಿಂದ ಇರಿಯಬಾರದು, ನ್ಯಾಯದ ಗೆರೆ ಮೀರಬಾರದು ಎಂದು ಒಳಗಿನವರು ಅರ್ಥ ಹೇಳಿದರು. ಅವರೆಯ ನಿಷೇಧಕ್ಕೆ ಮಾತ್ರ ಎಷ್ಟು ವ್ಯಾಖ್ಯಾನಕಾರರೋ ಅಷ್ಟು ಕಾರಣಗಳು ಹುಟ್ಟಿಕೊಂಡವು.

ಗುಟ್ಟಿಗೆ ಬೆಲೆ ತೆರಬೇಕಾದದ್ದೂ ಉಂಟು. ಒಳಗೊಳಗೇ ಸಭೆ ಸೇರುವ, ತಮ್ಮ ಮಾತನ್ನು ಹೊರಗೆ ಬಿಡದ ಈ ಗುಂಪಿನ ಕೈಗೆ ಊರಿನ ಆಡಳಿತವೂ ಬಂದಾಗ ಕ್ರೊಟೋನಿನ ಜನ ತಿರುಗಿ ಬಿದ್ದರು. ಪೈಥಾಗೊರಸ್ ಪಂಥದವರು ಸೇರಿದ್ದ ಮನೆಗೆ ಬೆಂಕಿ ಇಡಲಾಯಿತು. ಬಾಗಿಲು ಮುಚ್ಚಿಕೊಂಡ ಜ್ಞಾನವನ್ನು ಹೊರಗೆ ನಿಂತವರು ಗೌರವದಿಂದಲೇ ನೋಡುತ್ತಾರೆಂಬ ಭರವಸೆಯಿಲ್ಲ.

ಗ್ರೀಕರಲ್ಲಿ ಮತ್ತೊಂದು ದಾರಿಯೂ ಇತ್ತು. ಎಫೆಸಸ್ ಪಟ್ಟಣದ ಹೆರಾಕ್ಲಿಟಸ್ ಪಂಥ ಕಟ್ಟಲಿಲ್ಲ, ಶಿಷ್ಯರನ್ನು ಪರದೆಯ ಹಿಂದೆ ಕೂರಿಸಲಿಲ್ಲ. ಪುಸ್ತಕ ಬರೆದು ಊರಿನ ಆರ್ಟೆಮಿಸ್ ದೇವಿಯ ಗುಡಿಯಲ್ಲಿ ಇಟ್ಟನಂತೆ. ಆದರೆ ಅದರ ಮಾತುಗಳು ಎಷ್ಟು ಬಿಗಿಯಾಗಿದ್ದವೆಂದರೆ ಹಿಂದಿನವರು ಅವನನ್ನು ‘ಕತ್ತಲೆಯ ತತ್ವಜ್ಞಾನಿ’ ಎಂದೇ ಕರೆದರು. ಇಲ್ಲಿ ಬಾಗಿಲು ತೆರೆದಿತ್ತು, ಮಾತು ಮುಚ್ಚಿತ್ತು. ಗುಟ್ಟನ್ನು ಕಾಯುವ ಈ ಎರಡು ವಿಧಾನಗಳ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ನಮ್ಮ ನಾಡಿನ ಚರಿತ್ರೆ ಸ್ಪಷ್ಟವಾಗುತ್ತದೆ.

ಗೋಪುರ ಹತ್ತಿದ ಮಂತ್ರ

ಬಾಗಿಲು ಮುಚ್ಚುವ ವಿಧಾನ ನಮ್ಮಲ್ಲಿ ಬಲವಾಗಿಯೇ ಇತ್ತು. ‘ಉಪನಿಷತ್ತು’ ಎಂಬ ಪದಕ್ಕೆ ಹತ್ತಿರ ಕುಳಿತು ಪಡೆದದ್ದು ಎಂಬ ಅರ್ಥವನ್ನು ಹೇಳುವುದುಂಟು, ರಹಸ್ಯ ಎಂಬ ಅರ್ಥವೂ ಅದಕ್ಕಿದೆ. ಹತ್ತಿರ ಕೂರಲು ಯಾರಿಗೆ ಅಧಿಕಾರ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಜಾತಿಯಿಂದ ಕೆಲವರು, ಹೆಣ್ಣಾದ ಕಾರಣಕ್ಕೆ ಬಹುತೇಕ ಎಲ್ಲ ಹೆಂಗಸರು ಹೊರಗೆ ಉಳಿದರು. ಗುಟ್ಟು ಎಂದರೆ ಆಳವಾದ ವಿಷಯ ಎಂಬುದು ಹಿಂದೆ ಸರಿದು, ನಿನಗಲ್ಲದ ವಿಷಯ ಎಂಬ ಅರ್ಥವೇ ಮುಂದೆ ಬಂತು.

ಇದನ್ನು ಮುರಿದವರ ಕಥೆಗಳಲ್ಲಿ ರಾಮಾನುಜಾಚಾರ್ಯರದು ಪ್ರಸಿದ್ಧ. ತಿರುಕ್ಕೋಟ್ಟಿಯೂರಿನ ನಂಬಿಯವರು ಅವರನ್ನು 18 ಸಲ ಅಲೆಸಿ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು ನಾರಾಯಣ ಅಷ್ಟಾಕ್ಷರಿಯ ರಹಸ್ಯಾರ್ಥವನ್ನು ಉಪದೇಶಿಸಿದರಂತೆ. ರಾಮಾನುಜರು ನೇರವಾಗಿ ಗುಡಿಯ ಮೇಲೆ ಹತ್ತಿ ನೆರೆದ ಜನರಿಗೆಲ್ಲ ಅದನ್ನು ಕೂಗಿ ಹೇಳಿದರು. ಗುರುವಿನ ಮಾತು ಮೀರಿದ್ದಕ್ಕೆ ತನಗೊಬ್ಬನಿಗೆ ನರಕ ಬಂದರೂ ಇಷ್ಟು ಜನಕ್ಕೆ ಒಳ್ಳೆಯದಾದರೆ ಸಾಕು ಎಂಬುದು ಅವರ ಉತ್ತರವಾಗಿತ್ತೆಂದು ಸಂಪ್ರದಾಯ ಹೇಳುತ್ತದೆ. ಮುಂದೆ ಅವರು ನೆಲೆಸಿದ ಮೇಲುಕೋಟೆಯಲ್ಲಿ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ.

ತೆರೆದ ಬಾಗಿಲು, ಬಿಗಿದ ಮಾತು

12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಮಾಡಿದ್ದು ಇನ್ನೂ ದೊಡ್ಡ ಕೆಲಸ. ಅವರು ಸಂಸ್ಕೃತವನ್ನು ಬಿಟ್ಟು ಆಡುಗನ್ನಡವನ್ನು ಹಿಡಿದರು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಲಕ್ಕಮ್ಮ ತತ್ವದ ಮಾತಾಡಿದರು. ಬಾಗಿಲು ಎಲ್ಲರಿಗೂ ತೆರೆಯಿತು.

ಹೀಗಿರುವಾಗ ಅದೇ ಶರಣರು ಬೆಡಗಿನ ವಚನಗಳನ್ನೂ ಏಕೆ ರಚಿಸಿದರು ಎಂಬುದು ಕುತೂಹಲದ ಸಂಗತಿ. ಬೆಡಗು ಎಂದರೆ ಸೊಗಸು ಎಂಬ ಅರ್ಥ ಎಲ್ಲರಿಗೂ ಗೊತ್ತು, ಬೆರಗು ಎಂಬ ಛಾಯೆಯೂ ಅದಕ್ಕಿದೆ. ಬೆಡಗಿನ ವಚನಗಳಲ್ಲಿ ಲೋಕದ ನಡೆ ತಲೆಕೆಳಗಾಗುತ್ತದೆ. ಚಿಕ್ಕದು ದೊಡ್ಡದನ್ನು ನುಂಗುತ್ತದೆ, ಸತ್ತದ್ದು ಎದ್ದು ನಡೆಯುತ್ತದೆ, ಕಾಲಿಲ್ಲದ್ದು ಓಡುತ್ತದೆ. ಬಳ್ಳಿಗಾವಿಯ ಅಲ್ಲಮಪ್ರಭು ಈ ಬಗೆಯಲ್ಲಿ ಎಲ್ಲರಿಗಿಂತ ಮುಂದೆ. ಅಕ್ಕಮಹಾದೇವಿ, ಚೆನ್ನಬಸವಣ್ಣ ಮೊದಲಾದವರಲ್ಲೂ ಬೆಡಗು ಕಾಣಸಿಗುತ್ತದೆ.

ಇದು ಕನ್ನಡದಲ್ಲಿ ಮಾತ್ರ ಬೆಳೆದ ಬೆಳೆಯಲ್ಲ. ಪೂರ್ವ ಭಾರತದ ಬೌದ್ಧ ಸಿದ್ಧರು ಇಂಥದೇ ‘ಸಂಧ್ಯಾಭಾಷೆ’ಯಲ್ಲಿ ಹಾಡಿದ್ದರು. ಅವರ ಚರ್ಯಾಪದಗಳ ಹಸ್ತಪ್ರತಿಯನ್ನು ಹರಪ್ರಸಾದ ಶಾಸ್ತ್ರಿ 1907ರಲ್ಲಿ ನೇಪಾಳದಲ್ಲಿ ಕಂಡು, 1916ರಲ್ಲಿ ಪ್ರಕಟಿಸಿದರು. ಹಿಂದಿಯಲ್ಲಿ ಕಬೀರರ ‘ಉಲಟ್‌ಬಾಂಸಿ’ ಇದೇ ಕುಲಕ್ಕೆ ಸೇರಿದ್ದು.

ಶರಣರ ಬೆಡಗು ಜನರನ್ನು ಹೊರಗಿಡುವ ಉಪಾಯವಾಗಿದ್ದರೆ ಅವರು ಸಂಸ್ಕೃತದಲ್ಲೇ ಬರೆಯಬಹುದಿತ್ತು. ಬೆಡಗಿನ ವಚನದ ಒಂದೊಂದು ಪದವೂ ಹೊಲ, ಮನೆ, ಕೆರೆ, ಕೊಟ್ಟಿಗೆಯಿಂದ ಬಂದದ್ದು. ಪದ ಗೊತ್ತು, ವಾಕ್ಯ ಗೊತ್ತು, ಆದರೆ ಕೂಡಿದಾಗ ಆಗುವುದು ಗೊತ್ತಿಲ್ಲ. ನೇರವಾಗಿ ಹೇಳಿದ ಉಪದೇಶಕ್ಕೆ ಕೇಳುಗ ತಲೆಯಾಡಿಸಿ ಮನೆಗೆ ಹೋಗಬಹುದು. ಒಗಟು ಹಾಗೆ ಬಿಡುವುದಿಲ್ಲ, ಕೇಳುಗನೂ ಕೆಲಸ ಮಾಡಲೇಬೇಕು. ಮನಸ್ಸಿನ ಒಳಗೆ ಆಗಬೇಕಾದ ಬದಲಾವಣೆಯನ್ನು ಬೇರೆಯವರ ಬಾಯಿಂದ ಕೇಳಿ ಪಡೆಯಲಾಗದು ಎಂಬ ತಿಳಿವಳಿಕೆ ಇದರ ಹಿಂದೆ ಇದೆ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಜಾತಿಯಲ್ಲ, ಆಸಕ್ತಿ.

ಆದರೆ ಈ ಪರೀಕ್ಷೆಗೆ ಒಂದು ಷರತ್ತಿದೆ. ಒಗಟು ಹೇಳಿದವರು ಎದುರಿಗಿರಬೇಕು, ತಪ್ಪು ಅರ್ಥ ಹೇಳಿದರೆ ಮತ್ತೆ ಕೆಣಕಬೇಕು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯನ್ನು ಸಂಕಲಿಸುವಾಗ ವಚನಗಳನ್ನು ಸುಮ್ಮನೆ ಒಂದರ ಕೆಳಗೊಂದು ಬರೆದಿಡಲಿಲ್ಲ. ಅಲ್ಲಮ ಒಂದು ಮಾತು ಎಸೆಯುತ್ತಾನೆ, ಎದುರಿಗಿರುವ ಶರಣ ಉತ್ತರಿಸುತ್ತಾನೆ, ಅಲ್ಲಮ ಒಪ್ಪದೆ ಮತ್ತೆ ಕೇಳುತ್ತಾನೆ. ಸಂವಾದದ ಈ ಕಟ್ಟನ್ನು ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಬೆಳೆಸಿದರು. ಮಾತಿಗೆ ಮಾತು ಸಿಗದಿದ್ದರೆ ಬೆಡಗು ಬದುಕದು ಎಂಬುದನ್ನು ಈ ಸಂಕಲನಕಾರರು ಅರಿತಿದ್ದರು.

ಕೀಲಿಕೈಯ ಕಷ್ಟ

ಎಲ್ಲರಿಗೂ ಎದುರಿಗೆ ಗುರು ಸಿಗುವುದಿಲ್ಲವಲ್ಲ. ಅದಕ್ಕಾಗಿ ಟೀಕೆಗಳು ಬಂದವು. ಕಲ್ಲುಮಠದ ಪ್ರಭುದೇವನಂಥವರು ವಚನಗಳ ಗೂಢಾರ್ಥವನ್ನು ಬಿಡಿಸಿ ಬರೆದರು. ಈ ಬಗೆಯ ಟೀಕೆಗಳಲ್ಲಿ ಕೋತಿಯೆಂದರೆ ಮನಸ್ಸು, ಆನೆಯೆಂದರೆ ಅಹಂಕಾರ, ಊರೆಂದರೆ ದೇಹ ಎಂಬಂತೆ ಒಂದೊಂದು ಪದಕ್ಕೂ ಒಂದೊಂದು ಅರ್ಥ ನಿಗದಿಯಾಗುತ್ತದೆ. ಈ ಟೀಕಾಕಾರರು ಇಲ್ಲದಿದ್ದರೆ ಎಷ್ಟೋ ವಚನಗಳು ಇಂದು ನಮಗೆ ಬರೀ ಶಬ್ದವಾಗಿ ಉಳಿಯುತ್ತಿದ್ದವು. ಅವರ ಉಪಕಾರ ದೊಡ್ಡದು.

ಆದರೆ ಒಗಟಿನ ಪಕ್ಕದಲ್ಲೇ ಉತ್ತರ ಅಚ್ಚಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬುದೂ ನಿಜ. ಕೋತಿ ಬಂದಲ್ಲೆಲ್ಲ ಮನಸ್ಸು ಎಂದು ಓದಿಕೊಂಡು ಹೋದರೆ ಕೋತಿಯ ಚೇಷ್ಟೆ ಕಣ್ಣಿಗೆ ಬೀಳುವುದಿಲ್ಲ. ಪೈಥಾಗೊರಸನ ಸೂತ್ರಗಳಿಗೂ ಆದದ್ದು ಇದೇ: ವಿವರಣೆ ಬೆಳೆಯುತ್ತ ಹೋಯಿತು, ಸೂತ್ರ ಸಾಧಾರಣ ಬುದ್ಧಿಮಾತಾಯಿತು.

ಮಠಗಳ, ಮನೆಗಳ ಕಟ್ಟುಗಳಲ್ಲಿದ್ದ ಓಲೆಗರಿಗಳು ಅಚ್ಚಿಗೆ ಬಂದದ್ದು ಇನ್ನೊಂದು ತಿರುವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಪ್ರಕಟವಾಯಿತು. 1993ರಲ್ಲಿ ರಾಜ್ಯ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಓದಲು ಈಗ ಯಾರ ಅಪ್ಪಣೆಯೂ ಬೇಕಿಲ್ಲ.

ಈ ಸಂದರ್ಭದಲ್ಲಿ ಅರಿಸ್ಟಾಟಲನ ಒಂದು ಕಥೆ ನೆನಪಾಗುತ್ತದೆ. ತಾನು ಬಾಯಿಮಾತಿನಲ್ಲಿ ಕಲಿತ ಗಹನ ಪಾಠಗಳನ್ನು ಗುರು ಪುಸ್ತಕವಾಗಿ ಹೊರಬಿಟ್ಟನೆಂದು ಕೇಳಿ ಅಲೆಕ್ಸಾಂಡರ್ ಬೇಸರದಿಂದ ಪತ್ರ ಬರೆದನಂತೆ. ಎಲ್ಲರಿಗೂ ಸಿಕ್ಕಿದರೆ ತನಗೇನು ವಿಶೇಷ ಉಳಿಯಿತು ಎಂಬುದು ಚಕ್ರವರ್ತಿಯ ತಕರಾರು. ಆ ಪಾಠಗಳು ಪ್ರಕಟವಾಗಿಯೂ ಇವೆ, ಇಲ್ಲವೂ ಹೌದು, ಎದುರಿಗೆ ಕುಳಿತು ಕೇಳಿದವರಿಗೆ ಮಾತ್ರ ಅವು ಅರ್ಥವಾಗುತ್ತವೆ ಎಂದು ಅರಿಸ್ಟಾಟಲ್ ಸಮಾಧಾನ ಹೇಳಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಈ ಪತ್ರಗಳು ಅಸಲಿಯೇ ಎಂಬ ಬಗ್ಗೆ ವಿದ್ವಾಂಸರಿಗೆ ಅನುಮಾನವಿದೆ. ಆದರೂ ಅಚ್ಚಾದ ಬೆಡಗಿನ ವಚನವನ್ನು ಒಬ್ಬರೇ ಕುಳಿತು ಓದಲು ಹೊರಟವರಿಗೆ ಆ ಉತ್ತರದ ಸತ್ಯ ಗೊತ್ತಾಗುತ್ತದೆ.

ಕೆಳಗಿನವರ ಸವಾಲು

ಒಗಟು ಹೊರಗಿಟ್ಟವರ ಮೇಲೆಯೇ ತಿರುಗಿದ ಉದಾಹರಣೆ ಕನಕದಾಸರದು. ವ್ಯಾಸರಾಯರ ಶಿಷ್ಯವರ್ಗದಲ್ಲಿ ಕನಕರ ಜಾತಿಯನ್ನು ಮುಂದೆ ಮಾಡಿ ಮೂಗು ಮುರಿದವರಿದ್ದರು ಎಂಬ ಕಥೆಗಳು ಮನೆಮಾತಾಗಿವೆ. ಯಾರೂ ಇಲ್ಲದ ಕಡೆ ಬಾಳೆಹಣ್ಣು ತಿಂದು ಬನ್ನಿ ಎಂದು ಗುರು ಹೇಳಿದಾಗ, ದೇವರಿಲ್ಲದ ಜಾಗ ಸಿಗಲಿಲ್ಲವೆಂದು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದ ಕನಕನ ಕಥೆ ಯಾರಿಗೆ ಗೊತ್ತಿಲ್ಲ? ಅವರ ಮುಂಡಿಗೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮುಂಡಿಗೆ ಎಂದರೆ ಪಂಡಿತರ ಮುಂದೆ ಇಡುವ ಸವಾಲು. ಅಧಿಕಾರವಿಲ್ಲವೆಂದು ಯಾರನ್ನು ತಡೆಯಲಾಯಿತೋ ಅವರು ಕಟ್ಟಿದ ಗಂಟನ್ನು ಅಧಿಕಾರವಿದ್ದವರು ಬಿಚ್ಚಲಾರದೆ ಕುಳಿತರು.

ತತ್ವಪದಕಾರರು ಈ ಮಾತನ್ನು ಹಳ್ಳಿಯ ಕಟ್ಟೆಗೆ ತಂದರು. ಶಿಶುನಾಳ ಷರೀಫರು (1819–1889) ಮುಸ್ಲಿಂ ಮನೆತನದವರು, ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಷರೀಫರ ಕೋಳಿ-ಕೋಡಗದ ಪದವನ್ನು ಸಿ. ಅಶ್ವತ್ಥ್ ಹಾಡಿದ ಮೇಲೆ ಅದು ನಾಡಿನ ಮೂಲೆ ಮೂಲೆಗೂ ಮುಟ್ಟಿತು. ಮಕ್ಕಳು ನಗುತ್ತ ಹಾಡುತ್ತಾರೆ. ಅದರ ಕೊನೆಯಲ್ಲಿ ಗುರುವಿನ ಪಾದವೇ ಬರುತ್ತದೆ ಎಂಬುದು ಹಾಡಿನ ಭರದಲ್ಲಿ ಎಷ್ಟೋ ಜನರ ಗಮನಕ್ಕೆ ಬಂದಿರಲಾರದು.

ಮೈಲಾರ ಮತ್ತು ಡೆಲ್ಫಿ

ಗೂಢವಾದ ಮಾತಿಗೆ ಇನ್ನೊಂದು ಮುಖವಿದೆ, ಅದು ಭವಿಷ್ಯದ್ದು. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಜನಸಾಗರ ಸೇರುತ್ತದೆ. ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟೂ ಜನ ಮೌನ. ಒಂದು ಪುಟ್ಟ ವಾಕ್ಯ ನುಡಿದು ಆತ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅದೇ ಕಾರಣಿಕ. ರೈತರು ಅದರಲ್ಲಿ ಮಳೆ ಬೆಳೆ ಹುಡುಕಿದರೆ, ರಾಜಕಾರಣಿಗಳು ಕುರ್ಚಿ ಹುಡುಕುತ್ತಾರೆ. ಮರುದಿನದ ಪತ್ರಿಕೆಗಳಲ್ಲಿ ಒಂದೇ ವಾಕ್ಯಕ್ಕೆ ನಾಲ್ಕು ಅರ್ಥ.

ಗ್ರೀಸಿನ ಡೆಲ್ಫಿಯಲ್ಲಿ ಅಪೊಲೊ ದೇವರ ಪೂಜಾರಿಣಿ ನುಡಿಯುತ್ತಿದ್ದ ಕಣಿಯೂ ಇಂಥದ್ದೇ. ಪರ್ಷಿಯಾದ ಮೇಲೆ ದಂಡೆತ್ತಿ ಹೋಗಲೇ ಎಂದು ಲಿಡಿಯಾದ ಅರಸ ಕ್ರೀಸಸ್ ಕೇಳಿದಾಗ, ಹೋದರೆ ಒಂದು ದೊಡ್ಡ ಸಾಮ್ರಾಜ್ಯ ನಾಶವಾಗುತ್ತದೆ ಎಂಬ ಉತ್ತರ ಬಂತು. ಕ್ರೀಸಸ್ ಹಿಗ್ಗಿ ಹೋದ, ಸೋತ. ನಾಶವಾದದ್ದು ಅವನ ಸಾಮ್ರಾಜ್ಯವೇ. ಯಾವ ಸಾಮ್ರಾಜ್ಯ ಎಂದು ಮತ್ತೊಂದು ಪ್ರಶ್ನೆ ಕೇಳದಿದ್ದದ್ದು ಅರಸನ ತಪ್ಪು ಎಂಬುದು ಇತಿಹಾಸಕಾರ ಹೆರೊಡೊಟಸ್ ಹೇಳುವ ಕಥೆಯ ಸಾರ. ಒಗಟಿನ ಮಾತಿನಲ್ಲಿ ಜನ ತಮಗೆ ಬೇಕಾದದ್ದನ್ನೇ ಕಾಣುತ್ತಾರೆ. ಅದನ್ನು ತಡೆಯುವುದು ಮರುಪ್ರಶ್ನೆ ಒಂದೇ.

ತಾತಯ್ಯನವರ ಕಲ್ಲುಸಕ್ಕರೆ

ಈಗ ಕೈವಾರಕ್ಕೆ ಮರಳಬಹುದು. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬ ಸ್ಥಳಪುರಾಣವಿರುವ ಊರು ಕೈವಾರ. ಇಲ್ಲಿನ ಬಲಿಜ ಮನೆತನದಲ್ಲಿ ಹುಟ್ಟಿದ ನಾರಾಯಣಪ್ಪ ಬಳೆಯ ಮಲಾರ ಹೊತ್ತು ಊರೂರು ತಿರುಗಿ ಜೀವನ ಮಾಡುತ್ತಿದ್ದರು. ಸಂಪ್ರದಾಯದ ಲೆಕ್ಕದಲ್ಲಿ ಅವರ ಕಾಲ 1726ರಿಂದ 1836, ಅಂದರೆ 110 ವರ್ಷದ ತುಂಬು ಬಾಳು. ಪರದೇಶಿ ಸ್ವಾಮಿ ಎಂಬ ಗುರುಗಳು ಅವರಿಗೆ ಅಷ್ಟಾಕ್ಷರಿಯನ್ನು ಉಪದೇಶಿಸಿ, ಒಂದು ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಜಪಿಸು, ಅದು ಕಲ್ಲುಸಕ್ಕರೆಯಾದ ದಿನ ನಿನಗೆ ಸಿದ್ಧಿಯಾಯಿತೆಂದು ತಿಳಿ ಎಂದರಂತೆ.

ರಾಮಾನುಜರು ಎತ್ತರದಲ್ಲಿ ನಿಂತು ಕೂಗಿದರೆಂಬ ಮಂತ್ರವೇ ಏಳು ಶತಮಾನಗಳ ನಂತರ ಬಳೆಗಾರನೊಬ್ಬನ ಕಿವಿಗೆ ಬಂದಿತ್ತು. ಮಂತ್ರ ಆಗ ಗುಟ್ಟಾಗಿರಲಿಲ್ಲ. ಬಾಯಲ್ಲಿ ಕಲ್ಲಿಟ್ಟುಕೊಂಡು ಕಾಯುವ ತಾಳ್ಮೆಯನ್ನು ಮಾತ್ರ ಯಾರೂ ಕೂಗಿ ಹಂಚಲಾಗಲಿಲ್ಲ, ಅದನ್ನು ಅವರವರೇ ಗಳಿಸಬೇಕು. ಬೆಡಗಿನ ಮಾತಿನ ಕಥೆಯೆಲ್ಲ ಈ ಕಲ್ಲುಸಕ್ಕರೆಯ ಕಥೆಯಲ್ಲಿ ಅಡಗಿದೆ ಎನ್ನಬಹುದು.

ನಂತರ ತಾತಯ್ಯನವರು ಊರಿನ ಅಮರನಾರಾಯಣ ಸ್ವಾಮಿಯ ಹೆಸರನ್ನೇ ಅಂಕಿತ ಮಾಡಿಕೊಂಡು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಕೀರ್ತನೆ, ತತ್ವಪದಗಳನ್ನು ಹಾಡಿದರು. ಅವುಗಳಲ್ಲಿ ಬರೀ ಭವಿಷ್ಯವಿಲ್ಲ. ದೇಹದೊಳಗಿನ ಯೋಗದ ವಿಷಯವಿದೆ, ಗುರುವನ್ನು ಹುಡುಕುವ ಹಂಬಲವಿದೆ, ಡಾಂಭಿಕರ ಮೇಲೆ ಸಿಟ್ಟಿದೆ. ಆದರೂ ಜನರ ಬಾಯಲ್ಲಿ ಹೆಚ್ಚಾಗಿ ಸುಳಿದಾಡುವುದು ಕಾಲಜ್ಞಾನವೇ. ಆಂಧ್ರದ ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನದ ಪ್ರಭಾವವೂ ಗಡಿ ದಾಟಿ ಬಂದಿರುವ ಸೀಮೆ ಇದು. ಹೊಸದೇನಾದರೂ ನಡೆದಾಗ ಹಳೆಯ ಪದ್ಯವೊಂದಕ್ಕೆ ಅದನ್ನು ಜೋಡಿಸುವುದು ಸುಲಭ. ಹಾಗೆ ಜೋಡಿಸಿದಾಗ ಪದ್ಯ ಕೇಳುವವನನ್ನು ಕೆಣಕುವುದನ್ನು ನಿಲ್ಲಿಸುತ್ತದೆ. ‘ನೀನು ಬದಲಾಗು’ ಎಂದ ಮಾತು ‘ಕಾಲ ಹೀಗಾಗುತ್ತದೆ’ ಎಂಬ ವರದಿಯಾಗಿ ಮುಗಿಯುತ್ತದೆ.

ಈ ಸೀಮೆಗೆ ಇನ್ನೊಂದು ತೊಡಕೂ ಉಂಟು. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯ ಓದು ಕನ್ನಡ. ಅದಕ್ಕಾಗಿ ತಾತಯ್ಯನವರ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ ಪುಸ್ತಕಗಳನ್ನು ಜನ ಓದುತ್ತಾರೆ. ಲಿಪಿ ಶಾಲೆಯಿಂದ ಬಂದದ್ದು, ಭಾಷೆ ಮನೆಯಿಂದ ಬಂದದ್ದು. ಅರ್ಥ ಮಾತ್ರ ಇವೆರಡರಿಂದಲೂ ಬರುವುದಿಲ್ಲ. ಅದು ಇಷ್ಟು ಕಾಲ ಬಂದದ್ದು ಭಜನೆಯ ಮನೆಗಳಿಂದ. ಹಾಡು ಮುಗಿದ ಮೇಲೆ ತಂಬೂರಿ ಪಕ್ಕಕ್ಕಿಟ್ಟು, ಈ ಚರಣಕ್ಕೆ ಏನರ್ಥ ಗೊತ್ತೇನಪ್ಪಾ ಎಂದು ಎಳೆಯರನ್ನು ಕೇಳುವ, ತಪ್ಪು ಹೇಳಿದರೆ ನಕ್ಕು ಮತ್ತೆ ಕೇಳುವ ಹಿರಿಯರಿಂದ ಬಂದದ್ದು.

ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ನಡೆಯುವ ಸಂಗೀತೋತ್ಸವಕ್ಕೆ ಸುತ್ತಲ ಹಳ್ಳಿಗಳ ಭಜನಾ ತಂಡಗಳೂ ಬರುತ್ತವೆ, ಹೆಸರಾಂತ ಸಂಗೀತಗಾರರೂ ಬರುತ್ತಾರೆ. ಹಾಡು ಉಳಿಯುವುದಕ್ಕೆ ಇಷ್ಟು ಸಾಕು. ಪುಸ್ತಕವಿದೆ, ಧ್ವನಿಮುದ್ರಣವಿದೆ. ಗುಟ್ಟು ಉಳಿಯುವುದಕ್ಕೆ ಮಾತ್ರ ಕೇಳುವ ಹಿರಿಯರೊಬ್ಬರು, ಉತ್ತರ ಹುಡುಕುವ ಕಿರಿಯರೊಬ್ಬರು ಬೇಕು. ಕ್ರೊಟೋನಿನಲ್ಲಿ ಬಾಗಿಲು ಮುಚ್ಚಿದ್ದರಿಂದ ಜ್ಞಾನ ಜನರಿಂದ ದೂರವಾಯಿತು. ಇಲ್ಲಿ ಬಾಗಿಲು ತೆರೆದೇ ಇದೆ, ಒಳಗೆ ಕುಳಿತು ಮಾತಾಡಿಸುವವರ ಸಂಖ್ಯೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ಉಳಿದಿರುವ ಕೆಲಸ. ಅದನ್ನು ಯಾವ ಸರ್ಕಾರವೂ ಸಂಪುಟಗಳಲ್ಲಿ ಅಚ್ಚು ಹಾಕಿ ಕೊಡಲಾರದು.